ಕ್ವಾರ್ಟರ್ಸ್ ಬಿಟ್ಟ ಮೇಲೆ: ಓಡುವ ಮನೆಯ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಸಿಮೆಂಟ್ ಪಟ್ಟಿಯಲ್ಲಿ ನಿವೃತ್ತಿಯೆಂದರೆ ಸಂಬಳದ ಜೊತೆಗೆ ಮನೆಯೂ ಕೈಬಿಡುವ ದಿನ. ವಾಡಿಯ ಎಸಿಸಿ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಶಹಾಬಾದಿನದು ಅದಕ್ಕೂ ಹಿಂದಿನ ಕಥೆ. ನಿಜಾಮರ ಕಾಲದಲ್ಲೇ ಅಲ್ಲಿ ಸಿಮೆಂಟ್ ಕಂಪನಿಯಿತ್ತು, 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. ಆಮೇಲೆ ಮಳಖೇಡದ ರಾಜಶ್ರೀ, ಸೇಡಮಿನ ವಾಸವದತ್ತಾ, 2015ರಲ್ಲಿ ಚಿತ್ತಾಪುರ ತಾಲೂಕಿನ ಇಟಗಾದ ಓರಿಯಂಟ್, ಚಿಂಚೋಳಿ ಕಡೆ ಛತ್ರಸಾಲಾದಲ್ಲಿ ಫ್ರಾನ್ಸಿನ ವಿಕಾ ಕಂಪನಿಯ ಕಲಬುರ್ಗಿ ಸಿಮೆಂಟ್ ಬಂದವು. ದೊಡ್ಡ ಕಾರ್ಖಾನೆಯ ಬೆನ್ನಿಗೆ ಕಾಲನಿ; ಕಾಲನಿಯೊಳಗೆ ನೀರು, ಕರೆಂಟು, ಶಾಲೆ, ದವಾಖಾನೆ. ಮೂವತ್ತೈದು ವರ್ಷ ನಲ್ಲಿ ತಿರುಗಿಸಿದರೆ ನೀರು ಬರುವ ಮನೆಯಲ್ಲಿ ಇದ್ದವನಿಗೆ, ಐವತ್ತೆಂಟಕ್ಕೋ ಅರವತ್ತಕ್ಕೋ ಬೀಗದ ಕೈ ಒಪ್ಪಿಸಿ ಹೊರಬಂದಾಗ ಎದುರಾಗುವ ಮೊದಲ ಪ್ರಶ್ನೆ: "ರಿಟೈರ್ ಆದ್ರಂತ, ಮುಂದ ಎಲ್ಲಿರ್ತೀರಿ?"

ರೈಲ್ವೆಯವರಿಗೂ ಇದೇ ಪ್ರಶ್ನೆ. ವಾಡಿ ಜಂಕ್ಷನ್ನಿನಲ್ಲಿ ಕ್ವಾರ್ಟರ್ಸ್ ಇದ್ದವರಿಗೆ ನಿವೃತ್ತಿಯ ನಂತರ ನಾಲ್ಕು ತಿಂಗಳು ಮಾಮೂಲಿ ಬಾಡಿಗೆಗೆ, ಇನ್ನೂ ನಾಲ್ಕು ತಿಂಗಳು ಹೆಚ್ಚಿನ ದರಕ್ಕೆ ಇರಲು ಬಿಡುತ್ತಾರೆ. ಆಮೇಲೆ ಸಾಮಾನು ಕಟ್ಟಲೇಬೇಕು.

ಎಲ್ಲಿರುವುದು ಎಂಬ ಪ್ರಶ್ನೆಗೆ ಇದುವರೆಗೆ ನಾಲ್ಕು ಉತ್ತರಗಳಿದ್ದವು. ಸೇಡಮಿನಲ್ಲೋ ಕಲಬುರಗಿಯಲ್ಲೋ ಪ್ಲಾಟು ಕೊಂಡು ಕಟ್ಟಿಸಿದ ಮನೆ, ಹುಟ್ಟೂರಿನಲ್ಲಿ ಪಾಲಿಗೆ ಬಂದ ಮನೆ, ಬೆಂಗಳೂರು, ಪುಣೆ ಅಥವಾ ಹೈದರಾಬಾದಿನಲ್ಲಿರುವ ಮಗನ ಫ್ಲಾಟು, ಬಾಡಿಗೆ ಮನೆ. ಈಗೀಗ ಐದನೆಯದೊಂದು ಕೇಳಿಬರುತ್ತಿದೆ. ಮಕ್ಕಳು ಮೊಬೈಲಿನಲ್ಲಿ ತೋರಿಸುವ ವಿಡಿಯೋಗಳಲ್ಲಿ ಗಂಡ ಹೆಂಡತಿ ಇಬ್ಬರೇ, ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ ಎಲ್ಲ ಇರುವ ಗಾಡಿಯಲ್ಲಿ ದೇಶ ಸುತ್ತುತ್ತಿರುತ್ತಾರೆ. ಕ್ಯಾರವಾನ್ ಎನ್ನಿ, ಮೋಟರ್‌ಹೋಮ್ ಎನ್ನಿ. ದುಡಿದದ್ದು ಸಾಕು, ಇನ್ನು ಮನೆಯನ್ನೇ ಚಕ್ರದ ಮೇಲೆ ಕೂರಿಸಿ ಹೊರಡೋಣ ಎಂಬ ಆಸೆಯಲ್ಲಿ ತಪ್ಪೇನಿಲ್ಲ. ಗಣಿಯ ಧೂಳು ಕುಡಿದು ಮೂರು ಪಾಳಿ ದುಡಿದವನಿಗೆ ಆ ಆಸೆಯ ಹಕ್ಕಿದೆ. ಕೇಳಬೇಕಾದ್ದು, ಅದು ಕೈಗೆ ನಿಲುಕುವುದೇ, ನಿಲುಕಿದರೂ ಮನೆಯ ಕೆಲಸವನ್ನು ಅದು ಮಾಡೀತೇ ಎಂದು.

ಮೊದಲು ಕೈಗೆ ಬರುವ ದುಡ್ಡು. ಸಿಮೆಂಟ್ ಕಾರ್ಮಿಕನಿಗೆ ಪಿಂಚಣಿ ಬರುವುದು 1995ರ ಇಪಿಎಸ್ ಯೋಜನೆಯಿಂದ. ಅದರ ಸೂತ್ರ ಸರಳ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಆದರೆ ಆ ಸಂಬಳಕ್ಕೆ 2014ರ ಸೆಪ್ಟೆಂಬರಿನಿಂದ 15,000 ರೂಪಾಯಿಯ ಮಿತಿಯಿದೆ. ಹಾಗಾಗಿ ಮೂವತ್ತೈದು ವರ್ಷ ದುಡಿದವನಿಗೂ ತಿಂಗಳಿಗೆ ಏಳೂವರೆ ಸಾವಿರದ ಆಸುಪಾಸೇ ಗತಿ. 2014ಕ್ಕೂ ಮುಂಚಿನ ವರ್ಷಗಳಿಗೆ ಮಿತಿ ಇನ್ನೂ ಕಡಿಮೆಯಿದ್ದುದರಿಂದ ಬಹಳ ಜನರಿಗೆ ಅದೂ ಸಿಗುವುದಿಲ್ಲ. ಕನಿಷ್ಠ ಪಿಂಚಣಿ 1,000 ರೂಪಾಯಿ. 2014ರಲ್ಲಿ ನಿಗದಿಯಾದ ಆ ಅಂಕಿಯನ್ನು ಏರಿಸಿ ಎಂದು ನಿವೃತ್ತರು ಕೂಗುತ್ತಲೇ ಇದ್ದಾರೆ. ಹೆಚ್ಚಿನ ಸಂಬಳದ ಮೇಲೆ ಪಿಂಚಣಿ ಕೇಳುವ ದಾರಿಯನ್ನು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೆಲವರಿಗೆ ತೆರೆಯಿತು, ಆದರೆ ಅದಕ್ಕೆ ಇಡುಗಂಟಿನಿಂದ ದುಡ್ಡು ವಾಪಸ್ ಕಟ್ಟಬೇಕಿತ್ತು.

ಹಾಗಾಗಿ ನಿಜವಾದ ಆಸರೆ ಇಡುಗಂಟೇ. ಗ್ರಾಚ್ಯುಟಿಯೆಂದರೆ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನ ಹಿಡಿದು. ಮೂಲ ವೇತನ ಮತ್ತು ಡಿಎ ಕೂಡಿ 40,000 ಇದ್ದವನಿಗೆ ಮೂವತ್ತೈದು ವರ್ಷಕ್ಕೆ ಎಂಟು ಲಕ್ಷ ಚಿಲ್ಲರೆ ಬರುತ್ತದೆ. ಅದಕ್ಕೆ ಪಿಎಫ್ ಕೂಡುತ್ತದೆ. ಮಗಳ ಮದುವೆಗೆ, ಮಗನ ಇಂಜಿನಿಯರಿಂಗ್ ಸೀಟಿಗೆ ಪಿಎಫ್ ಮುರಿಯದೆ ಉಳಿಸಿಕೊಂಡವನು ಪುಣ್ಯವಂತ. ಗುತ್ತಿಗೆದಾರನ ಕೆಳಗೆ ದುಡಿದವರಿಗೆ ಈ ಮಾತು ಇನ್ನೂ ದೂರ. ಈ ಪಟ್ಟಿಯಲ್ಲಿ ಅಂಥವರು ಸಣ್ಣ ಸಂಖ್ಯೆಯಲ್ಲಿಲ್ಲ. ಮಾಲೀಕರೂ ಬದಲಾಗುತ್ತಿರುತ್ತಾರೆ. ಎಸಿಸಿ 2022ರಲ್ಲಿ ಅದಾನಿ ಸಮೂಹದ ಕೈಸೇರಿತು, ವಾಸವದತ್ತಾ 2025ರಲ್ಲಿ ಅಲ್ಟ್ರಾಟೆಕ್‌ಗೆ ಹೋಯಿತು, ಓರಿಯಂಟ್ ಅದೇ ವರ್ಷ ಅಂಬುಜಾದ ಪಾಲಾಯಿತು. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯಂತೂ ಬಾಗಿಲು ಹಾಕಿ ದಶಕಗಳಾದವು. ಕಂಪನಿಯನ್ನು ನಂಬಿ ಮುಪ್ಪಿನ ಲೆಕ್ಕ ಹಾಕಬಾರದು ಎಂಬುದನ್ನು ಆ ಊರು ಎಲ್ಲರಿಗಿಂತ ಮೊದಲು ಕಲಿತಿತು.

ಈಗ ಗಾಡಿ. ನಮ್ಮಲ್ಲಿ ಸಾಮಾನ್ಯವಾಗಿ ಫೋರ್ಸ್ ಟ್ರಾವೆಲರ್ ಅಥವಾ ಅರ್ಬೇನಿಯಾದಂಥ ವ್ಯಾನ್ ತಂದು ಒಳಗೆ ಮನೆ ಕಟ್ಟಿಸುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಕ್ಯಾರವಾನಿಗೆ ಎಐಎಸ್ 124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಕಲಬುರಗಿಯ ಬಡಗಿಯಿಂದ ಮಂಚ ಮಾಡಿಸಿ, ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಹೊರಟರೆ ಆರ್‌ಟಿಒ ಹಿಡಿಯುವುದು ಹಾಗಿರಲಿ, ಅಪಘಾತವಾದ ದಿನ ವಿಮಾ ಕಂಪನಿ ಕೈಯೆತ್ತಲು ಕಾರಣ ಸಿಕ್ಕಂತೆ. ಮಾನದಂಡದ ಪ್ರಕಾರ ಮಾಡಿಸಿದರೆ ಖರ್ಚು ಏರುತ್ತದೆ. ತೆರಿಗೆಯ ಮಾತೂ ಇದೆ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೇ ನೂರಕ್ಕೆ 18ರಷ್ಟು ಆಜೀವ ತೆರಿಗೆ ಇದೆಯೆಂಬುದನ್ನು ನೆನಪಿಟ್ಟುಕೊಂಡು, ಕ್ಯಾರವಾನಿಗೆ ಎಷ್ಟೆಂದು ಮುಂಗಡ ಕೊಡುವ ಮೊದಲೇ ಆರ್‌ಟಿಒದಲ್ಲಿ ಕೇಳಬೇಕು.

ಲೆಕ್ಕದ ಅನುಕೂಲಕ್ಕೆ ಗಾಡಿ, ಒಳಗಿನ ಕೆಲಸ, ನೋಂದಣಿ ಎಲ್ಲ ಸೇರಿ 30 ಲಕ್ಷ ಎಂದು ಇಟ್ಟುಕೊಳ್ಳೋಣ. ಆ ದುಡ್ಡನ್ನು ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದರೆ ಏನು ಬರುತ್ತದೆ? ಅದರ ಗರಿಷ್ಠ ಮಿತಿಯೂ 30 ಲಕ್ಷವೇ. 2023ರ ಏಪ್ರಿಲಿನಲ್ಲಿ ನಿಗದಿಯಾದ ನೂರಕ್ಕೆ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500 ರೂಪಾಯಿ. ಅಸಲು ಹಾಗೇ ಉಳಿಯುತ್ತದೆ. ಗಾಡಿಗೆ ಹಾಕಿದ ದಿನ ಈ 20,500 ಹೋಯಿತು. ಹದಿನೈದು ವರ್ಷದ ಮೇಲೆ ಅಲ್ಲಿ 30 ಲಕ್ಷ ಕೈಗೆ ಬರುತ್ತದೆ, ಇಲ್ಲಿ ಹಳೆ ವ್ಯಾನು. ಆ ಹೊತ್ತಿಗೆ ಖಾಸಗಿ ಗಾಡಿಯ ನೋಂದಣಿ ಮುಗಿದು, ಐದೈದು ವರ್ಷಕ್ಕೆ ನವೀಕರಿಸುವ ಪಾಳಿ ಬಂದಿರುತ್ತದೆ.

ಓಡಿಸುವ ಖರ್ಚು ಬೇರೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಎಂದುಕೊಳ್ಳಿ, ದೇಶ ಸುತ್ತುವವರಿಗೆ ಇದು ಕಡಿಮೆಯೇ. ಭಾರದ ಗಾಡಿ ಲೀಟರಿಗೆ ಎಂಟು ಕಿಲೋಮೀಟರ್ ಕೊಟ್ಟರೆ 125 ಲೀಟರ್ ಡೀಸೆಲ್. 90 ರೂಪಾಯಿಯಂತೆ 11,250. ವಿಮೆ, ಸರ್ವಿಸ್, ಟೈರು, ಬ್ಯಾಟರಿಗೆ ತಿಂಗಳಿಗೆ ಎಂಟು ಸಾವಿರ ತೆಗೆದಿಡಿ. ಕೈಬಿಟ್ಟ ಬಡ್ಡಿಯ 20,500 ಸೇರಿಸಿದರೆ, ಅಡುಗೆಗೆ ಒಲೆ ಹಚ್ಚುವ ಮೊದಲೇ ತಿಂಗಳಿಗೆ 40,000ದ ಹತ್ತಿರ ಬಂತು. ಇಪಿಎಸ್ ಪಿಂಚಣಿದಾರನಿಗೆ ಈ ಲೆಕ್ಕ ಇಲ್ಲಿಗೇ ಮುಗಿಯಿತು. 2004ಕ್ಕೆ ಮುಂಚೆ ಕೆಲಸಕ್ಕೆ ಸೇರಿ ಕೊನೆಯ ಸಂಬಳದ ಅರ್ಧ ಪಿಂಚಣಿ ಪಡೆಯುವ ರೈಲ್ವೆಯವರು, ಕಾರ್ಖಾನೆಯ ದೊಡ್ಡ ಅಧಿಕಾರಿಗಳು, ಹೊಲ ಗಣಿಗೆ ಹೋಗಿ ಪರಿಹಾರ ಸಿಕ್ಕವರು ಮುಂದೆ ಓದಬಹುದು.

ವಿಳಾಸವಿಲ್ಲದೆ ಬದುಕುವುದು ಹೇಗೆ ಎಂದು ಹಿರಿಯರು ಹೆದರಿಸುತ್ತಾರೆ. ಇದರಲ್ಲಿ ಅರ್ಧ ಮಾತ್ರ ನಿಜ. 2025ರ ಜನವರಿಯಿಂದ ಇಪಿಎಸ್ ಪಿಂಚಣಿ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಸಿಗುತ್ತದೆ. ಜೀವನ ಪ್ರಮಾಣ ಪತ್ರವನ್ನು ಮೊಬೈಲಿನಲ್ಲೇ ಮುಖ ತೋರಿಸಿ ಸಲ್ಲಿಸಬಹುದು. ರೇಷನ್ ಕೂಡ ಬೇರೆ ರಾಜ್ಯದಲ್ಲಿ ಎತ್ತಬಹುದು. ಕಾಗದಪತ್ರದ ಕಾರಣಕ್ಕೆ ಅಲೆಮಾರಿ ಬದುಕು ಅಸಾಧ್ಯ ಎನ್ನುವ ಕಾಲ ಹೋಯಿತು. ವಿಳಾಸ ನಿಜವಾಗಿ ಬೇಕಾಗುವುದು ಮಂಡಿ ಹಿಡಿದಾಗ, ಎದೆ ನೋವು ಬಂದಾಗ, ಡಯಾಲಿಸಿಸ್ಸಿಗೆ ವಾರಕ್ಕೆ ಮೂರು ಸಲ ಹೋಗಬೇಕಾದಾಗ. ಕಲಬುರಗಿಯಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಶುರುವಾಯಿತು. ಸಂವಿಧಾನದ 371(ಜೆ) ಕಲಮಿನ ನೆನಪಿಗೇ ಆ ಅಂಕಿ. ಹಿಂದೆ ಎದೆ ಹಿಡಿದುಕೊಂಡು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುತ್ತಿದ್ದವರಿಗೆ ಮನೆ ಹತ್ತಿರ ಇಂಥದೊಂದು ಬಂದಾಗ, ನಾವು ಮನೆಯನ್ನೇ ಎಬ್ಬಿಸಿಕೊಂಡು ಅದರಿಂದ ದೂರ ಹೊರಡುವುದು ವಿಚಿತ್ರವೇ.

ಚಾಲಕನಿಗೂ ವಯಸ್ಸಾಗುತ್ತದೆ. ಐವತ್ತೈದು ದಾಟಿದ ಮೇಲೆ ಲೈಸೆನ್ಸ್ ಒಮ್ಮೆಗೆ ಐದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ, ಪ್ರತಿ ಸಲ ವೈದ್ಯರ ಪ್ರಮಾಣಪತ್ರ ಬೇಕು. ಅರವತ್ತಕ್ಕೆ ಕೊಂಡ ಗಾಡಿಯನ್ನು ಎಪ್ಪತ್ತರ ಆಚೆ ಎಷ್ಟು ವರ್ಷ ಓಡಿಸೀರಿ? ಕೊಂಡದ್ದು ಹದಿನೈದು ವರ್ಷದ ಮನೆ, ನಿಜವಾಗಿ ಬಳಕೆಯಾಗುವುದು ಎಂಟು ಹತ್ತು ವರ್ಷ.

ಬಿಸಿಲಿನ ಮಾತು ವಿಡಿಯೋಗಳಲ್ಲಿ ಬರುವುದಿಲ್ಲ. ಅವನ್ನು ಹೆಚ್ಚಾಗಿ ಮನಾಲಿಯಲ್ಲೋ ಕೊಡಗಿನಲ್ಲೋ ತೆಗೆದಿರುತ್ತಾರೆ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ತಗಡಿನ ಮೈಯ ಗಾಡಿ ಹನ್ನೊಂದು ಗಂಟೆಗೇ ಕಾದಿರುತ್ತದೆ. ಒಂದು ಟನ್ನಿನ ಎಸಿ ರಾತ್ರಿಯೆಲ್ಲ ನಡೆದರೆ ಎಂಟು ಹತ್ತು ಯೂನಿಟ್ ಬೇಕು. ಗಾಡಿಯ ನೆತ್ತಿಯ ಮೇಲೆ ಕೂರುವ ಸೋಲಾರ್ ಹಲಗೆಗಳು ದಿನಕ್ಕೆ ಎರಡು ಮೂರು ಯೂನಿಟ್ ಕೊಟ್ಟರೆ ಹೆಚ್ಚು. ಅಂದರೆ ಪ್ರತಿ ರಾತ್ರಿ ಪ್ಲಗ್ ಚುಚ್ಚಲು ಜಾಗ ಬೇಕು. ನೀರೂ ಹಾಗೆಯೇ. ನೂರು ಲೀಟರಿನ ತೊಟ್ಟಿ ಇಬ್ಬರಿಗೆ ಎರಡು ದಿನ ಬಂದರೆ ದೊಡ್ಡದು. ಶೌಚದ ಡಬ್ಬಿಯನ್ನು ಎಲ್ಲಿ ಖಾಲಿ ಮಾಡುವುದು ಎಂಬುದನ್ನು ಯಾರೂ ಕೇಳುವುದಿಲ್ಲ, ಮೂರನೆಯ ದಿನ ಎಲ್ಲರೂ ಕೇಳುತ್ತಾರೆ. ಕೇರಳ 2021ರಲ್ಲಿ ಕ್ಯಾರವಾನ್ ನೀತಿ ತಂದು ಇಂಥ ನಿಲುಗಡೆಗಳಿಗೆ ಉತ್ತೇಜನ ಕೊಟ್ಟಿತು. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸಕ್ಕೆ ಜಾಗವಿದೆ. ಆದರೆ ಅದು ನಾಲ್ಕು ದಿನದ ಪ್ರವಾಸಿಗೆ ಮಾಡಿದ ನೀತಿ, ವರ್ಷವಿಡೀ ಗಾಡಿಯಲ್ಲೇ ಬದುಕುವ ಮುದುಕರಿಗೆ ಮಾಡಿದ್ದಲ್ಲ.

ಅಮೆರಿಕದಲ್ಲಿ ಇದಕ್ಕೆ ಬೇರೆಯದೇ ವ್ಯವಸ್ಥೆಯಿದೆ. ನೀರು, ಕರೆಂಟು, ಮಲಿನ ನೀರಿನ ಕೊಳವೆ ಜೋಡಿಸಿಕೊಳ್ಳುವ ಶಿಬಿರಗಳು ದೇಶದ ಉದ್ದಗಲಕ್ಕೂ ಇವೆ. ಚಳಿಗಾಲ ಬಂತೆಂದರೆ ಅರಿಜೋನಾದ ಕ್ವಾರ್ಟ್ಸೈಟ್ ಎಂಬ ಸಣ್ಣ ಊರಿನ ಮರುಭೂಮಿ ಗಾಡಿಗಳಿಂದ ತುಂಬುತ್ತದೆ. ಆಸ್ಟ್ರೇಲಿಯಾದಲ್ಲೂ ಹೀಗೆ ತಿರುಗುವ ಹಿರಿಯರ ದೊಡ್ಡ ಬಳಗವಿದೆ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋದ ನಮ್ಮ ಕಡೆಯ ತಂದೆತಾಯಿ ಬಾಡಿಗೆ ಗಾಡಿಯಲ್ಲಿ ಯೆಲ್ಲೋಸ್ಟೋನ್ ನೋಡಿಬಂದು ಇಲ್ಲೂ ಹಾಗೇ ಮಾಡಬಹುದು ಎಂದು ಯೋಚಿಸುವುದುಂಟು. ಅವರಿಗೆ ಅಲ್ಲಿಯ ಇನ್ನೊಂದು ಮುಖವೂ ಗೊತ್ತಿರಬೇಕು. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಕಳೆದುಕೊಂಡ ಎಷ್ಟೋ ವೃದ್ಧರು ಬಾಡಿಗೆ ಕಟ್ಟಲಾಗದೆ ವ್ಯಾನು ಸೇರಿದರು, ಗೋದಾಮುಗಳಲ್ಲಿ ಹಂಗಾಮಿ ಕೆಲಸ ಹುಡುಕುತ್ತ ಊರಿಂದೂರಿಗೆ ಹೋದರು. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಅವರ ಬಗ್ಗೆ ಬರೆದ 'ನೋಮ್ಯಾಡ್‌ಲ್ಯಾಂಡ್' ಮುಂದೆ ಸಿನಿಮಾ ಆಯಿತು. ಒಬ್ಬನ ವಿಹಾರ ಇನ್ನೊಬ್ಬನ ನಿರ್ಗತಿಕತನವಾಗಿ ಅಲ್ಲಿ ಒಂದೇ ಮೈದಾನದಲ್ಲಿ ಪಕ್ಕಪಕ್ಕ ನಿಂತಿರುತ್ತದೆ.

ಅಷ್ಟು ದೂರ ಹೋಗಬೇಕಿಲ್ಲ. ಓಡುವ ಮನೆಯಲ್ಲಿ ಬದುಕಿದವರು ಈ ಐದು ಊರುಗಳಲ್ಲೇ ಇದ್ದಾರೆ. ವಾಡಿ ಜಂಕ್ಷನ್ನಿನ ಪಕ್ಕದ ಹಳಿಯಲ್ಲಿ ಕೆಲವೊಮ್ಮೆ ಕ್ಯಾಂಪ್ ಕೋಚ್ ನಿಂತಿರುತ್ತದೆ. ಹಳಿ ರಿಪೇರಿ ಮಾಡುವ ಯಂತ್ರಗಳ ಸಿಬ್ಬಂದಿ ವಾರಗಟ್ಟಲೆ ಅದರಲ್ಲೇ ಉಂಡು ಮಲಗುತ್ತಾರೆ. ಅದು ಅಕ್ಷರಶಃ ಚಕ್ರದ ಮೇಲಿನ ಮನೆ. ಕಾರ್ಖಾನೆಯ ಗೇಟಿನ ಮುಂದೆ ಲೋಡಿಗಾಗಿ ಕಾಯುವ ಲಾರಿ ಚಾಲಕ ಕ್ಯಾಬಿನ್ನಿನಲ್ಲಿ ಮಲಗಿ, ಲಾರಿಯ ನೆರಳಲ್ಲಿ ಸ್ಟವ್ ಹಚ್ಚಿ ಅನ್ನ ಬೇಯಿಸುತ್ತಾನೆ. ರಿಟೈರಾದ ಮೇಲೆ ಇದೇ ಬದುಕು ಬೇಕೇ ಎಂದು ಇವರಲ್ಲಿ ಯಾರನ್ನಾದರೂ ಕೇಳಿ ನೋಡಿ, ನಗುತ್ತಾರೆ.

ಇನ್ನು ಚಿಂಚೋಳಿ, ಚಿತ್ತಾಪುರ, ಸೇಡಂ ತಾಲೂಕಿನ ತಾಂಡಾಗಳು. ಲಂಬಾಣಿಗಳು ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದವರು. ರೈಲು ಬಂದು ಆ ವ್ಯಾಪಾರ ಮುರಿಯಿತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲೇ ಓಡಿತು. ನೆಲೆ ನಿಂತ ಮೇಲೂ ನಿಂತ ನೆಲ ಅವರದೆಂದು ಕಾಗದವಿರಲಿಲ್ಲ. ತೊಗರಿ ರಾಶಿ ಮುಗಿದರೆ ಪುಣೆ, ಮುಂಬೈಗೆ ಗುಳೆ ಹೋಗಿ ತಗಡಿನ ಶೆಡ್ಡುಗಳಲ್ಲಿ ಇರುವುದು ಇವತ್ತಿಗೂ ನಿಂತಿಲ್ಲ. 2023ರ ಜನವರಿ 19ರಂದು ಮಳಖೇಡದಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಅದೇ ಊರಲ್ಲಿ, ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ಪ್ರಧಾನಿಯ ಸಮ್ಮುಖದಲ್ಲಿ ನಡೆಯಿತು. ದಾಖಲೆಯಿಲ್ಲದ ಎಷ್ಟೋ ತಾಂಡಾಗಳು ಕಂದಾಯ ಗ್ರಾಮಗಳಾದವು. ಅದರ ರಾಜಕೀಯ ಏನೇ ಇರಲಿ, ತಲೆಮಾರುಗಟ್ಟಲೆ ತಿರುಗಿದವರು ಮೂವತ್ತು ನಲವತ್ತು ಅಡಿ ನೆಲದ ಕಾಗದಕ್ಕಾಗಿ ಎಷ್ಟು ಕಾದಿದ್ದರು ಎಂಬುದನ್ನು ಕ್ವಾರ್ಟರ್ಸ್ ಬಿಡುವವರು ಗಮನಿಸಬೇಕು.

ನಿಂತ ಮನೆಯೂ ಸುಖದ ಸುಪ್ಪತ್ತಿಗೆಯಲ್ಲ, ಆ ಲೆಕ್ಕವನ್ನೂ ಹಾಕೋಣ. ಕೃಷಿಯೇತರ (ಎನ್‌ಎ) ಆಗದ ಹೊಲವನ್ನು ತುಂಡು ಮಾಡಿ ಮಾರಿದ ಪ್ಲಾಟು ಕೊಂಡು ಖಾತೆಗಾಗಿ ಅಲೆಯುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಎರೆಮಣ್ಣಿನಲ್ಲಿ ತಳಪಾಯ ಆಳಕ್ಕೆ ಹಾಕದಿದ್ದರೆ ಎರಡನೆಯ ಬೇಸಿಗೆಗೆ ಗೋಡೆ ಬಿರಿಯುತ್ತದೆ. ಆದರೆ ಕಲ್ಲು, ಸಿಮೆಂಟು ಎರಡೂ ಕಾಲಬುಡದಲ್ಲೇ ಸಿಗುವ ಸೀಮೆಯಿದು. ಶಹಾಬಾದ್ ಪರಸಿ ದೇಶದ ಮೂಲೆಮೂಲೆಗೆ ಲಾರಿಯಲ್ಲಿ ಹೋಗುತ್ತದೆ, ನಮಗೆ ಸಾಗಾಟದ ಖರ್ಚೂ ಇಲ್ಲದೆ ದಕ್ಕುತ್ತದೆ. ಎರಡು ಕೋಣೆ, ಒಂದು ಪಡಸಾಲೆ, ಸೆಕೆಯ ರಾತ್ರಿ ಮಲಗಲು ಮಾಳಿಗೆ. ಇಬ್ಬರಿಗೆ ಇದಕ್ಕಿಂತ ಹೆಚ್ಚು ಬೇಡ. ಮಗ ಬಂದರೆ ಇರಲಿ ಎಂದು ಮೇಲೊಂದು ಅಂತಸ್ತು ಕಟ್ಟಿಸುವುದೇ ನಮ್ಮ ನಿವೃತ್ತರು ಮಾಡುವ ಅತಿದೊಡ್ಡ ದುಂದು. ಅದನ್ನು ಬಿಟ್ಟರೆ ಗಾಡಿಯ ದುಡ್ಡಿನಲ್ಲಿ ಅರ್ಧ ಉಳಿದೀತು.

ಹಿರಿಯರ ಆಸ್ತಿ ಮಾರಿ ಗಾಡಿ ಕೊಳ್ಳುವ ಯೋಚನೆಯಿದ್ದವರಿಗೆ ಒಂದು ಎಚ್ಚರಿಕೆ. ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂದು ವ್ಯಾಖ್ಯಾನಿಸಿದ 'ಮಿತಾಕ್ಷರ'ದ ಕರ್ತೃ ವಿಜ್ಞಾನೇಶ್ವರ ಶಹಾಬಾದ್ ಬಳಿಯ ಮರತೂರಿನವನೇ. 2005ರ ತಿದ್ದುಪಡಿಯ ನಂತರ ಆ ಹಕ್ಕು ಹೆಣ್ಣುಮಕ್ಕಳಿಗೂ ಇದೆ. ನಿಮ್ಮ ಪಿಎಫ್ ನಿಮ್ಮಿಷ್ಟ. ಅಜ್ಜನ ಹೊಲಕ್ಕೆ ಮಗಳ ಸಹಿಯೂ ಬೇಕು.

ಹಾಗಾದರೆ ತಿರುಗುವ ಆಸೆ? ಅದಕ್ಕೆ ನಮ್ಮವರು ಯಾವತ್ತೋ ದಾರಿ ಕಂಡುಕೊಂಡಿದ್ದಾರೆ. ಪಂಢರಪುರ, ತುಳಜಾಪುರ, ಶ್ರೀಶೈಲಕ್ಕೆ ಹೋಗಬೇಕಾದರೆ ನಾಲ್ಕು ಮನೆಯವರು ಕೂಡಿ ಒಂದು ಕ್ರೂಸರ್ ಬಾಡಿಗೆಗೆ ಹಿಡಿಯುತ್ತಾರೆ. ಹಾಸಿಗೆ ಸುರುಳಿ ಮೇಲೆ ಕಟ್ಟಿ, ರೊಟ್ಟಿ ಬುತ್ತಿ, ಶೇಂಗಾ ಹಿಂಡಿ ಒಳಗಿಟ್ಟು ಹೊರಟರೆ ಮಠದ ಛತ್ರದಲ್ಲಿ ಮಲಗುವ ಸೌಕರ್ಯವಿದೆ. ಇಬ್ಬರೇ ಒಂದು ಗಾಡಿ ಹಿಡಿದು, ಡ್ರೈವರ್ ಬಾಟಾ, ಎಣ್ಣೆ ಸೇರಿ ದಿನಕ್ಕೆ 5,000 ಎಂದರೂ ವರ್ಷದಲ್ಲಿ ನಲವತ್ತು ದಿನಕ್ಕೆ ಎರಡು ಲಕ್ಷ. ಸ್ವಂತ ಕ್ಯಾರವಾನ್ ಮೇಲಿನ ಲೆಕ್ಕದಂತೆ ವರ್ಷಕ್ಕೆ ಹತ್ತಿರ ಹತ್ತಿರ ಐದು ಲಕ್ಷ ನುಂಗುತ್ತದೆ, ನಿಂತಿದ್ದರೂ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ರೈಲ್ವೆ ನಿವೃತ್ತರಿಗೆ ವರ್ಷವೂ ಪಾಸು ಸಿಗುತ್ತದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಬೀದರಿನಿಂದ ಧರ್ಮಸ್ಥಳದವರೆಗೆ ಹೆಂಡತಿಗೆ ಟಿಕೆಟ್ ಇಲ್ಲದಿರುವಾಗ ಗಂಡ ತನ್ನೊಬ್ಬನ ಟಿಕೆಟಿಗೆ ಪರದಾಡಬೇಕಿಲ್ಲ. ಕ್ಯಾರವಾನೇ ಬೇಕೆಂಬ ಹಟವಿದ್ದರೆ ಅದೂ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಕೊಡಗಿಗೆ ಒಯ್ಯಬೇಡಿ, ಮೇ ತಿಂಗಳಲ್ಲಿ ಹತ್ತು ದಿನ ನಮ್ಮ ಸೀಮೆಯಲ್ಲೇ ಅದರೊಳಗೆ ಇದ್ದು, ಅಡುಗೆ ಮಾಡಿ, ಡಬ್ಬಿ ನೀವೇ ತೊಳೆದು ನೋಡಿ.

ಈ ಚರ್ಚೆಯಲ್ಲಿ ಯಾರೂ ಎತ್ತದ ಒಂದು ಬಾಬ್ತು ಉಳಿದಿದೆ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತಾರೆ. ನಮ್ಮ ಕಡೆ ಸಾಮಾನ್ಯವಾಗಿ ಗಂಡ. ಇಪಿಎಸ್‌ನಲ್ಲಿ ವಿಧವೆಗೆ ಸಿಗುವುದು ಗಂಡನ ಪಿಂಚಣಿಯ ಅರ್ಧ. ಏಳೂವರೆ ಸಾವಿರ ಬರುತ್ತಿದ್ದಲ್ಲಿ 3,750. ಅವಳ ಕೈಯಲ್ಲಿ ಆಗ ಎರಡು ಕೋಣೆಯ ಪರಸಿ ಮನೆಯಿದ್ದರೆ ಒಂದನ್ನು ಬಾಡಿಗೆಗೆ ಕೊಟ್ಟು, ನೆರೆಹೊರೆಯವರ ನಡುವೆ ಬದುಕುತ್ತಾಳೆ. ಅವಳು ಎಂದೂ ಓಡಿಸದ ಗಾಡಿಯಿದ್ದರೆ, ದಲ್ಲಾಳಿ ಹೇಳಿದ ಬೆಲೆಗೆ ಕೊಟ್ಟು ಮಗನ ಮನೆ ಸೇರಬೇಕು. ಆದ್ದರಿಂದ ಮುಂಗಡ ಕೊಡುವ ಮೊದಲು ಡೀಸೆಲ್, ವಿಮೆ, ಟೈರುಗಳ ಕೆಳಗೆ ಈ ಒಂದು ಸಾಲನ್ನೂ ಬರೆದು, ಆ ಹಾಳೆಯನ್ನು ಹೆಂಡತಿಯ ಕೈಗೆ ಕೊಡಿ. ಅವರು ಬೇಡವೆಂದರೆ ಬೇಡ.